ಬಿಸಿಲಿಗೆ ಕಪ್ಪಾಗದ ವೈಸರ್, ನೆರಳಿಗೆ ತಿಳಿಯಾಗದ ವೈಸರ್: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಬಿಸಿಲಿಗೆ ತಾನಾಗಿ ಕಪ್ಪಾಗಿ, ನೆರಳಿಗೆ ತಾನಾಗಿ ತಿಳಿಯಾಗುವ ಹೆಲ್ಮೆಟ್ ವೈಸರ್ ಹಾಕಿಸಿಕೊಂಡವರು ಮೈಸೂರು, ಮಂಡ್ಯ ಕಡೆ ಈಗ ಅಲ್ಲಲ್ಲಿ ಸಿಗುತ್ತಾರೆ. ಅವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಸಂಜೆ ಸೂರ್ಯ ಕಣ್ಣಿಗೆ ಚುಚ್ಚುತ್ತಿದ್ದರೂ ಗ್ಲಾಸ್ ಬೆಳ್ಳಗೇ ಇರುತ್ತದೆ. ಮೋಡ ಕವಿದಿದ್ದರೂ ಕಪ್ಪಾಗಿ ಕೂತಿರುತ್ತದೆ. ಅಂಡರ್‌ಪಾಸ್‌ಗೆ ಇಳಿದರೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಹೊಸದರಲ್ಲಿ ಚೆನ್ನಾಗಿತ್ತು, ಈಗ ಅರ್ಧದಷ್ಟೂ ಕಪ್ಪಾಗುತ್ತಿಲ್ಲ.

ಮೊದಲ ಮೂರು ದೂರುಗಳಲ್ಲಿ ಬಹುಪಾಲು ವೈಸರ್ ಕೆಟ್ಟಿರುವುದಿಲ್ಲ. ನಾಲ್ಕನೆಯದರಲ್ಲಿ ಕೆಟ್ಟಿರಬಹುದು, ಅಥವಾ ಅದರ ಮೇಲೆ ಏನೋ ಅಂಟಿಸಿರಬಹುದು. ಇದನ್ನು ಬಿಡಿಸಿ ನೋಡದೆ ಅಂಗಡಿಗೆ ಹೋದರೆ ಎರಡರಲ್ಲಿ ಒಂದು ಆಗುತ್ತದೆ: ಸರಿಯಾಗಿರುವ ವೈಸರ್ ಬಿಸಾಕಿ ಇನ್ನೊಂದಕ್ಕೆ ದುಡ್ಡು ಸುರಿಯುತ್ತೇವೆ, ಇಲ್ಲವೇ ನಿಜಕ್ಕೂ ಕೆಟ್ಟಿರುವುದನ್ನು ಹಾಕಿಕೊಂಡು ಕತ್ತಲಲ್ಲಿ ಗಾಡಿ ಓಡಿಸುತ್ತೇವೆ. ಮೊದಲನೆಯದು ಜೇಬಿಗೆ ಹೊಡೆತ. ಎರಡನೆಯದು ಜೀವಕ್ಕೆ. ಕಬ್ಬು ತುಂಬಿದ ಟ್ರಾಕ್ಟರ್ ಟ್ರೈಲರ್ ಹಿಂದೆ ಕೆಂಪು ದೀಪವೂ ಇಲ್ಲದೆ, ರಿಫ್ಲೆಕ್ಟರ್ ಪಟ್ಟಿಯೂ ಇಲ್ಲದೆ ಮುಸ್ಸಂಜೆಯಲ್ಲಿ ಹೋಗುವುದನ್ನು ನೋಡಿದ ಮಂಡ್ಯದವರಿಗೆ ಈ ಮಾತಿನ ತೂಕ ಗೊತ್ತಿರುತ್ತದೆ.

ನಿಮ್ಮದು ಯಾವ ಜಾತಿಯ ವೈಸರ್

ಮಾರುಕಟ್ಟೆಯಲ್ಲಿ ಎರಡು ಬೇರೆ ಬೇರೆ ತಂತ್ರಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಒಂದು ಫೋಟೋಕ್ರೋಮಿಕ್. ಇದಕ್ಕೆ ಬ್ಯಾಟರಿ ಇಲ್ಲ, ಸ್ವಿಚ್ ಇಲ್ಲ. ಪ್ಲಾಸ್ಟಿಕ್ಕಿನ ಪದರದಲ್ಲೇ ಬಣ್ಣ ಬದಲಿಸುವ ರಾಸಾಯನಿಕ ಸೇರಿರುತ್ತದೆ. ಇನ್ನೊಂದು ಲಿಕ್ವಿಡ್ ಕ್ರಿಸ್ಟಲ್, ಅಂದರೆ ಎಲ್‌ಸಿಡಿ ಬಗೆಯದು. ಅದಕ್ಕೆ ಸಣ್ಣ ಬ್ಯಾಟರಿಯೋ ಸೋಲಾರ್ ಪಟ್ಟಿಯೋ ಇರುತ್ತದೆ, ಬಟನ್ ಒತ್ತಿದರೆ ಅಥವಾ ಸೆನ್ಸರ್‌ಗೆ ಬೆಳಕು ಬಿದ್ದರೆ ಒಂದು ಸೆಕೆಂಡಿನೊಳಗೆ ಕಪ್ಪಾಗುತ್ತದೆ. ಮೊದಲನೆಯದರಲ್ಲಿ ಬದಲಾವಣೆ ನಿಧಾನ, ಎರಡನೆಯದರಲ್ಲಿ ಥಟ್ಟನೆ. ನಿಮ್ಮದು ಯಾವುದೆಂದು ತಿಳಿಯಲು ಇಷ್ಟು ಸಾಕು.

ಮೂರನೆಯ ಒಂದು ಜಾತಿಯೂ ಇದೆ: ಬಣ್ಣ ಬದಲಾಯಿಸುತ್ತದೆ ಎಂದು ಹೇಳಿ ಮಾರುವ ಕಾಮನಬಿಲ್ಲಿನ ಕನ್ನಡಿ ಲೇಪದ ವೈಸರ್. ನೋಡುವ ಕೋನ ಬದಲಾದರೆ ಅದು ನೀಲಿ, ಹಸಿರು, ನೇರಳೆ ಎಂದು ಹೊಳೆಯುತ್ತದೆ. ಆದರೆ ಒಳಗಿನಿಂದ ನೋಡಿದರೆ ಬಿಸಿಲಿಗೂ ರಾತ್ರಿಗೂ ಅದರ ಕಪ್ಪು ಒಂದೇ. ಅದರಲ್ಲಿ ದೋಷ ಹುಡುಕುವ ಅಗತ್ಯವಿಲ್ಲ, ಅದು ಬದಲಾಗಲೆಂದು ಮಾಡಿದ್ದೇ ಅಲ್ಲ. ಕತ್ತಲಾದ ಮೇಲೆ ಅದನ್ನು ಬಳಸಲೇಬಾರದು.

ಮೊದಲು ಇದೊಂದನ್ನು ಅರ್ಥ ಮಾಡಿಕೊಳ್ಳಿ

ಫೋಟೋಕ್ರೋಮಿಕ್ ವೈಸರ್ ನಿಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಅಳೆಯುವುದಿಲ್ಲ. ಅದು ಮುಖ್ಯವಾಗಿ ಸ್ಪಂದಿಸುವುದು ಬಿಸಿಲಿನ ಯುವಿ ಕಿರಣಕ್ಕೆ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಕ್ಕೆ. 1960ರ ದಶಕದಲ್ಲಿ ಕಾರ್ನಿಂಗ್ ಕಂಪನಿ ಹೊರತಂದ ಇಂಥ ಕನ್ನಡಕದ ಗಾಜಿನಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿದ್ದವು. ಇವತ್ತಿನ ಪ್ಲಾಸ್ಟಿಕ್ ಲೆನ್ಸ್ ಮತ್ತು ವೈಸರ್‌ಗಳಲ್ಲಿ ಇರುವುದು ನ್ಯಾಫ್ತೋಪೈರಾನ್‌ನಂಥ ಸಾವಯವ ಬಣ್ಣಗಳು. ಯುವಿ ಬಿದ್ದಾಗ ಆ ಅಣುವಿನಲ್ಲಿರುವ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಅಣು ಬೆಳಕನ್ನು ಹೀರುತ್ತದೆ, ವೈಸರ್ ಕಪ್ಪಾಗುತ್ತದೆ. ಯುವಿ ನಿಂತಾಗ ಉಂಗುರ ಮತ್ತೆ ಮುಚ್ಚಿಕೊಳ್ಳಬೇಕು. ಮುಚ್ಚಿಸುವ ಕೆಲಸ ಮಾಡುವುದು ಮುಖ್ಯವಾಗಿ ಶಾಖ.

ಅಂದರೆ ವೈಸರ್ ಒಳಗೆ ಯಾವಾಗಲೂ ಒಂದು ಜಗ್ಗಾಟ ನಡೆದಿರುತ್ತದೆ. ಯುವಿ ಅದನ್ನು ಕಪ್ಪಿನ ಕಡೆಗೆ ಎಳೆಯುತ್ತದೆ, ಶಾಖ ತಿಳಿಯ ಕಡೆಗೆ ಎಳೆಯುತ್ತದೆ. ದೂರುಗಳಲ್ಲಿ ಹೆಚ್ಚಿನವುಗಳಿಗೆ ಉತ್ತರ ಈ ಒಂದು ವಾಕ್ಯದಲ್ಲೇ ಸಿಗುತ್ತದೆ.

ಸಂಜೆ ಸೂರ್ಯ ಎದುರಿಗಿದ್ದರೂ ಕಪ್ಪಾಗುತ್ತಿಲ್ಲ

ಮಂಡ್ಯ ಇರುವುದು ಮೈಸೂರಿಗೆ ಈಶಾನ್ಯಕ್ಕೆ. ಮೈಸೂರಿನಲ್ಲಿ ಮನೆ, ಮಂಡ್ಯದಲ್ಲಿ ಕೆಲಸ ಇರುವವರಿಗೆ ಬೆಳಗ್ಗೆ ಹೋಗುವಾಗಲೂ ಸೂರ್ಯ ಎದುರಿಗೆ, ಸಂಜೆ ವಾಪಸ್ ಬರುವಾಗಲೂ ಎದುರಿಗೆ. ಮೇ, ಜೂನ್ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ಸರಿದು ಹುಟ್ಟುವುದರಿಂದ ಬೆಳಗಿನ ಪಯಣ ಹೆಚ್ಚು ಕಷ್ಟ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಸರಿದು ಮುಳುಗುವುದರಿಂದ ಸಂಜೆಯ ಪಯಣ ಹೆಚ್ಚು ಕಷ್ಟ. ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ ಇರುವವರಿಗೆ ಎರಡು ಹೊತ್ತೂ ಸೂರ್ಯ ಬೆನ್ನ ಹಿಂದೆ. ಒಂದೇ ವೈಸರ್ ಬಗ್ಗೆ ಒಬ್ಬರು ದೂರುತ್ತಾರೆ, ಇನ್ನೊಬ್ಬರು ಹೊಗಳುತ್ತಾರೆ. ಎಷ್ಟೋ ಸಲ ವ್ಯತ್ಯಾಸ ಇರುವುದು ಇಬ್ಬರೂ ಹೊರಟ ದಿಕ್ಕಿನಲ್ಲಿ.

ಸೂರ್ಯ ಕೆಳಗಿದ್ದಾಗ ಬೆಳಕು ವಾತಾವರಣದೊಳಗೆ ಬಹಳ ಉದ್ದದ ದಾರಿ ಹಾದು ಬರಬೇಕು. ಆ ದಾರಿಯಲ್ಲಿ ಯುವಿಯ ಬಹುಪಾಲು ಚದುರಿ, ಹೀರಲ್ಪಟ್ಟು ಹೋಗುತ್ತದೆ. ಉಳಿಯುವುದು ಹಳದಿ, ಕಿತ್ತಳೆ ಬೆಳಕು. ಕಣ್ಣಿಗೆ ಚುಚ್ಚುವುದು ಅದೇ, ಆದರೆ ವೈಸರ್ ಪಾಲಿಗೆ ಅದು ಹೆಚ್ಚುಕಡಿಮೆ ನೆರಳಿದ್ದಂತೆ. ಕಪ್ಪು ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ಫೋಟೋಕ್ರೋಮಿಕ್ ವೈಸರ್ ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡುತ್ತದೆ. ಇದು ಆ ತಂತ್ರದ ಮಿತಿ. ಬದಲಿ ತಂದರೂ ಹೊಸದು ಇದನ್ನೇ ಮಾಡುತ್ತದೆ.

ಪರಿಹಾರ ಬೇರೆ ಕಡೆ ಇದೆ. ಹೆಲ್ಮೆಟ್ ಒಳಗೆ ಕೆಳಗಿಳಿಸುವ ಸಣ್ಣ ಕಪ್ಪು ಸನ್ ವೈಸರ್ ಇದ್ದರೆ ಆ ಇಪ್ಪತ್ತು, ಮೂವತ್ತು ನಿಮಿಷ ಅದನ್ನು ಇಳಿಸಿ. ಅದು ಕೈಯಿಂದ ಇಳಿಸಿ ಏರಿಸುವಂಥದ್ದು, ಯುವಿಯನ್ನು ಕಾಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದಿನಾ ಬೆಳಗ್ಗೆ ಸಂಜೆ ಮಾತ್ರ ಗಾಡಿ ಓಡಿಸುವವರಿಗೆ ಸಾದಾ ವೈಸರ್ ಜೊತೆ ಒಳಗಿನ ಸನ್ ವೈಸರ್ ಇರುವ ಹೆಲ್ಮೆಟ್ಟೇ ಫೋಟೋಕ್ರೋಮಿಕ್‌ಗಿಂತ ಹೆಚ್ಚು ಉಪಯೋಗ. ಹಗಲಿಡೀ ರಸ್ತೆಯಲ್ಲೇ ಇರುವ ಡೆಲಿವರಿ ಹುಡುಗರಿಗೆ, ಮೆಡಿಕಲ್ ರೆಪ್‌ಗಳಿಗೆ, ಬೆಳಗ್ಗೆ ಹೊರಟು ಮಡಿಕೇರಿಗೋ ಊಟಿಗೋ ಹೋಗುವವರಿಗೆ ಫೋಟೋಕ್ರೋಮಿಕ್ ಚೆನ್ನಾಗಿ ಒಗ್ಗುತ್ತದೆ.

ಏಪ್ರಿಲ್ ಮಧ್ಯಾಹ್ನಕ್ಕಿಂತ ಡಿಸೆಂಬರ್ ಬೆಳಗ್ಗೆಯೇ ಹೆಚ್ಚು ಕಪ್ಪು

ಈ ದೂರು ಬಂದಾಗ ಜನ ವೈಸರ್ ಉಲ್ಟಾ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾರೆ. ಮೇಲೆ ಹೇಳಿದ ಜಗ್ಗಾಟ ನೆನಪಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನದ ಗಾಳಿ 35 ಡಿಗ್ರಿ ಆಸುಪಾಸು ಇರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಡಾಂಬರಿನ ಝಳ, ಇಂಜಿನ್ನಿನ ಬಿಸಿ ಸೇರಿ ವೈಸರ್ ಇನ್ನೂ ಕಾಯುತ್ತದೆ. ಯುವಿ ಧಾರಾಳವಾಗಿದ್ದರೂ ಶಾಖ ಅಷ್ಟೇ ಬಲವಾಗಿ ತಿಳಿಯ ಕಡೆಗೆ ಎಳೆಯುತ್ತಿರುತ್ತದೆ. ಚಳಿಗಾಲದ ಒಂಬತ್ತು, ಹತ್ತು ಗಂಟೆಯಲ್ಲಿ ಗಾಳಿ ತಂಪು, ಆಕಾಶ ತೊಳೆದಿಟ್ಟಂತೆ, ಸೂರ್ಯ ಓರೆಯಾಗಿ ನೇರ ಮುಖದ ಮೇಲೆ. ವೈಸರ್ ಗಾಢವಾಗುವುದು ಆಗಲೇ.

ಇನ್ನೊಂದು ಕಾರಣವೂ ಸೇರುತ್ತದೆ. ನಮ್ಮ ಅಕ್ಷಾಂಶ ಸುಮಾರು 12.3 ಡಿಗ್ರಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ವೈಸರ್ ನಿಂತಿರುವುದು ಗೋಡೆಯ ಹಾಗೆ ನೇರವಾಗಿ. ನೆತ್ತಿಯ ಬಿಸಿಲು ಅದನ್ನು ಸವರಿಕೊಂಡು ಇಳಿಯುತ್ತದೆ, ಹೆಲ್ಮೆಟ್‌ಗೆ ಮುಂಚಾಚಿದ ಪೀಕ್ ಇದ್ದರೆ ಅದರ ನೆರಳೂ ಬೀಳುತ್ತದೆ. ಆಗ ವೈಸರ್‌ಗೆ ಸಿಗುವುದು ಹೆಚ್ಚಾಗಿ ಆಕಾಶದಿಂದ ಚದುರಿ ಬರುವ ಯುವಿ ಮಾತ್ರ.

ಪರೀಕ್ಷೆ ಸುಲಭ. ಅದೇ ಮಧ್ಯಾಹ್ನ ವೈಸರ್ ಬಿಚ್ಚಿ ಮಡಕೆಯ ತಣ್ಣೀರಿನಲ್ಲಿ ಐದು ನಿಮಿಷ ಅದ್ದಿಟ್ಟು, ಒರೆಸಿ, ತಕ್ಷಣ ಬಿಸಿಲಿಗೆ ಸೂರ್ಯನಿಗೆ ಮುಖ ಮಾಡಿ ಹಿಡಿಯಿರಿ. ಮೊದಲಿಗಿಂತ ಗಾಢವಾಗಿ ಕಪ್ಪಾದರೆ ಬಣ್ಣ ಜೀವಂತವಾಗಿದೆ. ನಿಮಗೆ ಕಾಣುತ್ತಿದ್ದದ್ದು ಬೇಸಿಗೆಯ ಪರಿಣಾಮ.

ಮೋಡವಿದ್ದರೂ ಕಪ್ಪಾಗಿಯೇ ಇರುತ್ತದೆ

ಮೇಲಿನದಕ್ಕೆ ಇದು ತಿರುಗುಮುರುಗು. ತೆಳು ಮೋಡ ಕಣ್ಣಿಗೆ ಬೆಳಕನ್ನು ತಗ್ಗಿಸಿದಂತೆ ಕಾಣುತ್ತದೆ, ಆದರೆ ಯುವಿಯ ಗಣನೀಯ ಭಾಗ ಅದರ ಮೂಲಕ ಇಳಿದು ಬರುತ್ತದೆ. ಜುಲೈನಲ್ಲಿ ಹುಣಸೂರು ದಾಟಿ ಪಿರಿಯಾಪಟ್ಟಣ, ಕುಶಾಲನಗರದ ಕಡೆ ಹೊರಟರೆ ಗಾಳಿ ತಂಪಾಗುತ್ತಾ ಹೋಗುತ್ತದೆ. ಯುವಿ ಇದೆ, ಶಾಖ ಇಲ್ಲ, ಹಾಗಾಗಿ ವೈಸರ್ ಕಪ್ಪಾಗಿ ಕೂರುತ್ತದೆ. ಮಡಿಕೇರಿಯ ಘಾಟಿ ಹತ್ತಿ ಮರಗಳ ನೆರಳಿಗೆ ಹೋದರೂ ಚಳಿಯಲ್ಲಿ ಅದು ತಿಳಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇದೂ ದೋಷವಲ್ಲ, ಆದರೆ ಇಲ್ಲಿ ಅಪಾಯ ನಿಜ. ಮಳೆಗಾಲದಲ್ಲಿ ಆ ಕಡೆ ಹೋಗುವವರು ಸಾದಾ ವೈಸರ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಈಗಿನ ಬಹುಪಾಲು ಹೆಲ್ಮೆಟ್‌ಗಳಲ್ಲಿ ವೈಸರ್ ಬದಲಿಸಲು ಒಂದು ನಿಮಿಷ ಸಾಕು.

ವೈಸರ್ ಎತ್ತಿಕೊಂಡು ಓಡಿಸುವ ಅಭ್ಯಾಸವನ್ನೂ ಇಲ್ಲಿ ಗಮನಿಸಿ. ಎತ್ತಿದ ವೈಸರ್ ಆಕಾಶಕ್ಕೆ ಮುಖ ಮಾಡಿರುತ್ತದೆ, ಇಳಿಸಿದ್ದಕ್ಕಿಂತ ಹೆಚ್ಚು ಯುವಿ ತಿನ್ನುತ್ತದೆ. ಸಿಗ್ನಲ್‌ನಲ್ಲಿ ಎತ್ತಿ ನಿಂತು ಹಸಿರು ಬಂದಾಗ ಇಳಿಸಿದರೆ ಇದ್ದಕ್ಕಿದ್ದಂತೆ ಕಪ್ಪು ಎನಿಸುವುದು ಇದಕ್ಕೇ.

ಅಂಡರ್‌ಪಾಸ್

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಹಾಗಾಗಿ ನಾವೆಲ್ಲ ಸರ್ವಿಸ್ ರೋಡಿನವರು. ಹೆದ್ದಾರಿಯ ಆಚೆ ಈಚೆ ದಾಟಬೇಕೆಂದರೆ ಅಂಡರ್‌ಪಾಸ್ ಹೊಕ್ಕು ಬರಬೇಕು. ನಡು ಮಧ್ಯಾಹ್ನ ಬಿಸಿಲಿನಿಂದ ಅದರೊಳಗೆ ಇಳಿದಾಗ ಎದುರಿಗೆ ಎತ್ತಿನ ಗಾಡಿ ಇರಬಹುದು, ಅಡ್ಡ ದಾಟುವ ಹಸು ಇರಬಹುದು, ಮಳೆಯಾಗಿದ್ದರೆ ನಿಂತ ನೀರಿನಡಿ ಗುಂಡಿ ಇರಬಹುದು.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. 40 ಮೀಟರಿನ ಅಂಡರ್‌ಪಾಸ್ ದಾಟಲು ಮೂರು ಸೆಕೆಂಡು. ಫೋಟೋಕ್ರೋಮಿಕ್ ವೈಸರ್ ಕಪ್ಪಾಗಲು ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕಾಗಬಹುದು, ಆದರೆ ತಿಳಿಯಾಗಲು ನಿಮಿಷಗಳೇ ಬೇಕು. ಮೂರು ಸೆಕೆಂಡಿನಲ್ಲಿ ಅದು ಬದಲಾಗುವುದೇ ಇಲ್ಲ ಎಂದುಕೊಂಡೇ ಓಡಿಸಿ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ವೈಸರನ್ನು ಎರಡು ಹಲ್ಲು (ಎತ್ತುವಾಗ ಅದು ತಡೆದು ನಿಲ್ಲುವ ಹಂತಗಳು) ಮೇಲೆತ್ತಿ, ಆಚೆ ಬಂದು ಇಳಿಸಿ. ಈ ಒಂದು ಅಭ್ಯಾಸಕ್ಕೆ ಬದಲಿ ಯಾವ ಬೆಲೆಯ ಫೋಟೋಕ್ರೋಮಿಕ್ ವೈಸರ್‌ನಲ್ಲೂ ಇಲ್ಲ. ಎಲ್‌ಸಿಡಿ ಬಗೆಯದು ಮಾತ್ರ ಇಲ್ಲಿ ಗೆಲ್ಲುತ್ತದೆ, ಅದಕ್ಕೆ ಅದರದೇ ತೊಂದರೆಗಳಿವೆ. ಮುಂದೆ ಹೇಳುತ್ತೇನೆ.

ನಿಜವಾಗಿಯೂ ಕೆಟ್ಟಿದೆಯೇ: ಅರ್ಧ ಮುಚ್ಚುವ ಪರೀಕ್ಷೆ

ಇಲ್ಲಿಯವರೆಗಿನ ಕಾರಣಗಳಲ್ಲಿ ನಿಮ್ಮ ದೂರು ಬಗೆಹರಿಯದಿದ್ದರೆ ವೈಸರನ್ನು ಹೆಲ್ಮೆಟ್‌ನಿಂದ ಬಿಚ್ಚಿ. ಹೆಲ್ಮೆಟ್ ಮೇಲೆ ಇದ್ದಾಗ ಮಾಡಿದ ಪರೀಕ್ಷೆಯನ್ನು ನಂಬಬೇಡಿ, ಒಳಗಿನ ಕಪ್ಪು ಥರ್ಮೋಕೋಲ್ ಕಣ್ಣಿಗೆ ಮೋಸ ಮಾಡುತ್ತದೆ. ಸಾದಾ ನೀರು, ಒಂದು ತೊಟ್ಟು ಶಾಂಪೂ ಹಾಕಿ ತೊಳೆದು ನೆರಳಿನಲ್ಲಿ ಒಣಗಿಸಿ.

ಬೆಳಗ್ಗೆ ಹತ್ತು, ಹನ್ನೊಂದರ ನಡುವೆ ತಾರಸಿಗೆ ಹೋಗಿ ಬಿಳಿ ಪಂಚೆ ಹಾಸಿ. ವೈಸರ್‌ನ ಒಂದು ಅರ್ಧಕ್ಕೆ ದಪ್ಪ ಕಪ್ಪು ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಟೇಪ್ ಅಂಟಿಸಬೇಡಿ, ಅದರ ಗೋಂದು ಲೇಪದ ಮೇಲೆ ಉಳಿದುಬಿಡುತ್ತದೆ. ಸೂರ್ಯನಿಗೆ ಮುಖ ಮಾಡಿ ಎರಡು, ಮೂರು ನಿಮಿಷ ಇಟ್ಟು ಕಾಗದ ತೆಗೆಯಿರಿ. ತೆಗೆದ ತಕ್ಷಣ ಪಂಚೆಯ ಬಿಳುಪಿನ ಮೇಲೆ ನೋಡಬೇಕು, ತಡ ಮಾಡಿದರೆ ಮುಚ್ಚಿದ್ದ ಭಾಗವೂ ಕಪ್ಪಾಗತೊಡಗುತ್ತದೆ.

ಕಾಗದದ ಅಂಚು ಎಲ್ಲಿತ್ತೋ ಅಲ್ಲಿ ಗೆರೆ ಎಳೆದಂತೆ ಕಪ್ಪು ಬಿಳುಪು ಬೇರ್ಪಟ್ಟಿದ್ದರೆ ವೈಸರ್ ಸರಿಯಾಗಿದೆ. ತೊಂದರೆ ಹೆಲ್ಮೆಟ್ ಮೇಲೆ ಹಾಕಿದಾಗ ಯುವಿಯನ್ನು ತಡೆಯುತ್ತಿರುವ ಇನ್ಯಾವುದರಲ್ಲೋ ಇದೆ. ಗೆರೆ ಮಸುಕಾಗಿ, ಹುಡುಕಿದರೆ ಮಾತ್ರ ಕಾಣುವಂತಿದ್ದರೆ ಬಣ್ಣ ಸವೆದಿದೆ, ಇಲ್ಲವೇ ವೈಸರ್ ಮೇಲೆ ಅಂಟಿಸಿದ ಫಿಲ್ಮ್ ಯುವಿಯನ್ನು ತಡೆಯುತ್ತಿದೆ. ಫಿಲ್ಮ್ ಏನೂ ಇಲ್ಲದೆಯೂ ಗೆರೆಯೇ ಮೂಡದಿದ್ದರೆ ಎರಡು ಸಾಧ್ಯತೆ: ಒಂದೋ ಬಣ್ಣ ಪೂರ್ತಿ ಸತ್ತಿದೆ, ಇಲ್ಲವೇ ಅದು ಯಾವತ್ತೂ ಫೋಟೋಕ್ರೋಮಿಕ್ ಆಗಿರಲೇ ಇಲ್ಲ.

ಇದೇ ಪರೀಕ್ಷೆಯನ್ನು ಕೊಳ್ಳುವ ಮೊದಲೂ ಮಾಡಬಹುದು. ಅಂಗಡಿಯವರು ಹೊರಗೆ ಒಯ್ಯಲು ಬಿಡದಿದ್ದರೆ ಖೋಟಾ ನೋಟು ನೋಡುವ ನೀಲಿ ಯುವಿ ಟಾರ್ಚ್ ಕೇಳಿ, ಬಹಳಷ್ಟು ಗಲ್ಲಾಪೆಟ್ಟಿಗೆಗಳ ಪಕ್ಕ ಒಂದಿರುತ್ತದೆ. ವೈಸರ್‌ನ ಒಂದೇ ಜಾಗಕ್ಕೆ ಹತ್ತಿರದಿಂದ ಅರ್ಧ ನಿಮಿಷ ಬಿಟ್ಟರೆ ಅಸಲಿಯ ಮೇಲೆ ನಾಣ್ಯದಷ್ಟಗಲ ಕಪ್ಪು ಮಚ್ಚೆ ಮೂಡಿ ನಿಧಾನಕ್ಕೆ ಮಾಯವಾಗುತ್ತದೆ. ಆ ಟಾರ್ಚಿನ ಬೆಳಕನ್ನು ನೇರ ನೋಡಬೇಡಿ.

ಯುವಿಯನ್ನು ತಡೆಯುತ್ತಿರುವುದು ಯಾವುದು

ಗೆರೆ ಸರಿಯಾಗಿ ಮೂಡದಿದ್ದರೆ ಬಣ್ಣ ಸವೆದಿದೆ ಎನ್ನುವ ಮೊದಲು ಅನುಮಾನಿಸಬೇಕಾದದ್ದು ಅಂಟಿಸಿದ ಫಿಲ್ಮ್. ಗೀರು ಬೀಳದಿರಲಿ ಎಂದು ಮೊಬೈಲ್ ಅಂಗಡಿಯಲ್ಲಿ ಪಾರದರ್ಶಕ ಫಿಲ್ಮ್ ಹಾಕಿಸುತ್ತಾರೆ. ಆ ಫಿಲ್ಮ್‌ಗಳಲ್ಲಿ ಹಲವು ಯುವಿಯನ್ನೇ ತಡೆಯುತ್ತವೆ, ತಡೆಯುತ್ತೇವೆಂದು ಪ್ಯಾಕೆಟ್ ಮೇಲೆ ಹೆಮ್ಮೆಯಿಂದ ಬರೆದುಕೊಂಡೂ ಇರುತ್ತವೆ. ಫೋಟೋಕ್ರೋಮಿಕ್ ವೈಸರ್‌ಗೆ ಅದು ಕಣ್ಣು ಕಟ್ಟಿದಂತೆ. ಒಂದು ಮೂಲೆಯಲ್ಲಿ ಬೆರಳಗಲ ಫಿಲ್ಮ್ ಕಿತ್ತು ಬಿಸಿಲಿಗೆ ಹಿಡಿಯಿರಿ. ಆ ಮೂಲೆ ಮಾತ್ರ ಗಾಢವಾದರೆ ಉತ್ತರ ಸಿಕ್ಕಿತು. ಪ್ಯಾಕಿಂಗ್‌ನ ಜೊತೆ ಬರುವ ರಕ್ಷಣಾ ಹಾಳೆಯನ್ನು ಕೀಳದೆಯೇ ತಿಂಗಳುಗಟ್ಟಲೆ ಓಡಿಸುವವರೂ ಇದ್ದಾರೆ, ಅಂಚಿನಲ್ಲಿ ಉಗುರು ಹಾಕಿ ನೋಡಿ.

ಎರಡನೆಯದು, ಬಿಚ್ಚಿ ಪರೀಕ್ಷಿಸಿದಾಗ ಪಾಸಾಗಿ ರಸ್ತೆಯಲ್ಲಿ ಫೇಲಾಗುವಂಥದ್ದು: ಒಳಗೆ ಕೂರಿಸುವ ಫೋಟೋಕ್ರೋಮಿಕ್ ಇನ್ಸರ್ಟ್. ಮಂಜು ಕಟ್ಟದ ಪದರದಲ್ಲೇ ಬಣ್ಣವನ್ನೂ ಸೇರಿಸಿ ಮಾಡಿದ ಇಂಥ ಇನ್ಸರ್ಟ್‌ಗಳು ಸಾದಾ ವೈಸರ್‌ನ ಒಳಮೈಗೆ ಕೂರುತ್ತವೆ. ವೈಸರ್‌ಗಳನ್ನು ಮಾಡುವ ಪಾಲಿಕಾರ್ಬನೇಟ್ ತಾನಾಗಿಯೇ ಯುವಿಯ ಬಹುಭಾಗವನ್ನು ತಡೆಯುತ್ತದೆ. ಮುಂದಿನ ವೈಸರ್ ಎಷ್ಟು ಬಿಗಿಯಾಗಿ ಯುವಿ ತಡೆಯುತ್ತದೋ ಹಿಂದಿನ ಇನ್ಸರ್ಟ್ ಅಷ್ಟು ಮಂಕು. ಇನ್ಸರ್ಟ್ ಹೊರಗೆ ತೆಗೆದು ಅರ್ಧ ಮುಚ್ಚುವ ಪರೀಕ್ಷೆ ಮಾಡಿ, ಆಮೇಲೆ ಅದೇ ಇನ್ಸರ್ಟನ್ನು ವೈಸರ್ ಹಿಂದೆ ಹಿಡಿದು ಇನ್ನೊಮ್ಮೆ ಮಾಡಿ. ಹೊರಗೆ ಗಾಢ, ಹಿಂದೆ ಮಂಕು ಎಂದಾದರೆ ಆ ಎರಡಕ್ಕೂ ಜೋಡಿ ಆಗುವುದಿಲ್ಲ. ಅದೇ ಕಂಪನಿ ಆ ವೈಸರ್‌ಗೆಂದೇ ಹೇಳಿದ ಇನ್ಸರ್ಟ್ ಹಾಕಬೇಕು, ಇಲ್ಲವೇ ಹೊರ ವೈಸರನ್ನೇ ಫೋಟೋಕ್ರೋಮಿಕ್ ಮಾಡಿಕೊಳ್ಳಬೇಕು. ಕಾರಿನ ಮುಂಗಾಜಿನ ಹಿಂದೆ ಕೂತವರ ಫೋಟೋಕ್ರೋಮಿಕ್ ಕನ್ನಡಕ ಕಪ್ಪಾಗದಿರುವುದಕ್ಕೂ ಕಾರಣ ಇದೇ.

ಇನ್ಸರ್ಟ್ ಮತ್ತು ವೈಸರ್ ನಡುವೆ ಮಂಜು ಕಟ್ಟುತ್ತಿದ್ದರೆ ಅಂಚಿನ ಸಿಲಿಕಾನ್ ಗೆರೆ ಎಲ್ಲೋ ಬಿಟ್ಟುಕೊಂಡಿದೆ. ಎರಡೂ ಕಡೆಯ ಪಿನ್‌ಗಳಲ್ಲಿ ತಿರುಗಿಸಿ ಬಿಗಿ ಮಾಡುವ ಬಗೆಯವಿದ್ದರೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಸಿಲಿಕಾನ್ ಸುತ್ತಲೂ ಒಂದೇ ಸಮ ಒತ್ತಿಕೊಂಡದ್ದು ಕಣ್ಣಿಗೆ ಕಾಣುತ್ತದೆ.

ಬಣ್ಣ ಸವೆದ ವೈಸರ್

ಸಾವಯವ ಬಣ್ಣದ ಅಣು ಉಂಗುರ ಬಿಚ್ಚಿ ಮುಚ್ಚಿ ಮಾಡುತ್ತಲೇ ಇದ್ದರೂ, ಯುವಿ ಮತ್ತು ಗಾಳಿಯ ಆಮ್ಲಜನಕ ಸೇರಿ ಕೆಲವು ಅಣುಗಳನ್ನು ಶಾಶ್ವತವಾಗಿ ಹಾಳು ಮಾಡುತ್ತಾ ಹೋಗುತ್ತವೆ. ಕೆಲವು ವರ್ಷಗಳ ಬಳಕೆಯಲ್ಲಿ ಇದು ಕಾಣತೊಡಗುತ್ತದೆ. ಲಕ್ಷಣ ಎರಡು. ಬಿಸಿಲಿನಲ್ಲಿ ಮೊದಲಿನಷ್ಟು ಗಾಢವಾಗುವುದಿಲ್ಲ. ಕತ್ತಲಲ್ಲಿ ಮೊದಲಿನಷ್ಟು ತಿಳಿಯಾಗುವುದೂ ಇಲ್ಲ, ಹಳದಿ ಛಾಯೆ ಉಳಿದುಬಿಡುತ್ತದೆ. ಎರಡೂ ಕಂಡರೆ ಅದಕ್ಕೆ ರಿಪೇರಿ ಇಲ್ಲ. ಪಾಲಿಶ್ ಮಾಡಿಸಿದರೆ ಲೇಪವೂ ಹೋಗುತ್ತದೆ.

ಉಳಿದ ಛಾಯೆ ಎಷ್ಟಿದೆ ಎಂದು ನೋಡಲು ವೈಸರನ್ನು ಇಡೀ ರಾತ್ರಿ ಬೀರುವಿನೊಳಗೆ ಇಡಿ. ಬೆಳಗ್ಗೆ ಮನೆಯೊಳಗಿನ ಬೆಳಕಿನಲ್ಲೇ ಬಿಳಿ ಹಾಳೆಯ ಅರ್ಧ ಭಾಗ ವೈಸರ್ ಕೆಳಗೆ, ಇನ್ನರ್ಧ ಹೊರಗೆ ಇರುವಂತೆ ಇಟ್ಟು ಫೋಟೋ ತೆಗೆಯಿರಿ. ಹಾಳೆಯ ಎರಡೂ ಭಾಗ ಒಂದೇ ಚಿತ್ರದಲ್ಲಿರುವುದರಿಂದ ಮೊಬೈಲ್ ಬೆಳಕನ್ನು ಹೆಚ್ಚು ಕಡಿಮೆ ಮಾಡಿಕೊಂಡರೂ ಹೋಲಿಕೆ ಕೆಡುವುದಿಲ್ಲ. ಹೊಸದಾಗಿ ತಂದ ದಿನವೇ ಇಂಥದ್ದೊಂದು ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ವಾದಕ್ಕೆ ಜಾಗವಿರುವುದಿಲ್ಲ. ಚಳಿಗೆ ತಿಳಿಯಾಗುತ್ತಿಲ್ಲವೋ ಸವೆದು ತಿಳಿಯಾಗುತ್ತಿಲ್ಲವೋ ಎಂಬ ಅನುಮಾನವಿದ್ದರೆ ಮನೆಯೊಳಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಚಳಿಯದ್ದಾದರೆ ಬೇಗ ತಿಳಿಯಾಗುತ್ತದೆ, ಸವೆತದ್ದಾದರೆ ಹಾಗೇ ಇರುತ್ತದೆ. ಕುದಿಯುವ ನೀರು ಖಂಡಿತ ಬೇಡ.

ಸವೆತವನ್ನು ಮುಂದೂಡುವುದು ನಮ್ಮ ಕೈಯಲ್ಲಿದೆ. ಹೆಲ್ಮೆಟ್ಟನ್ನು ಗಾಡಿಯ ಕನ್ನಡಿಗೆ ಸಿಕ್ಕಿಸಿ ಇಡೀ ದಿನ ಬಿಸಿಲಿನಲ್ಲಿ ಬಿಟ್ಟು ಹೋಗುವುದರಿಂದ ಆಗುವ ಹಾನಿ ದೊಡ್ಡದು, ಯಾಕೆಂದರೆ ತಲೆಯ ಮೇಲೆ ಎರಡು ಗಂಟೆ ಕೆಲಸ ಮಾಡಬೇಕಾದ ಬಣ್ಣ ಅಲ್ಲಿ ಎಂಟು ಗಂಟೆ ಸುಮ್ಮನೆ ಬೇಯುತ್ತದೆ. ಒಳಗೆ ಒಯ್ಯಿರಿ, ಆಗದಿದ್ದರೆ ಬಟ್ಟೆಯ ಚೀಲ ಮುಚ್ಚಿ.

ಇನ್ನು ತೊಳೆಯುವ ವಿಚಾರ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ರಸ್ತೆಗಳಲ್ಲಿ ಮುಸ್ಸಂಜೆ ಹುಳುಗಳು ಮಳೆಯಂತೆ ಬಡಿಯುತ್ತವೆ. ಆಲೆಮನೆಗಳ ಹೊಗೆಯ ಮಸಿ, ಕಬ್ಬಿನ ಲೋಡಿನಿಂದ ಉದುರುವ ದೂಳು ಅದಕ್ಕೆ ಸೇರುತ್ತದೆ. ಒಣಗಿದ ಹುಳುವನ್ನು ಉಜ್ಜಿ ತೆಗೆಯಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಡಿ, ತಾನೇ ಮೆತ್ತಗಾಗಿ ಬರುತ್ತದೆ. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಸ್ಯಾನಿಟೈಸರ್ ಯಾವುದೂ ಮುಟ್ಟಿಸಬಾರದು. ಪಾಲಿಕಾರ್ಬನೇಟ್‌ನಲ್ಲಿ ಜೇಡರ ಬಲೆಯಂಥ ಸೂಕ್ಷ್ಮ ಬಿರುಕು ಬಿಡುತ್ತದೆ. ಹಗಲು ಅದು ಕಾಣುವುದಿಲ್ಲ, ರಾತ್ರಿ ಎದುರಿನ ಹೈಬೀಮ್ ಬಿದ್ದಾಗ ಇಡೀ ವೈಸರ್ ಬೆಳ್ಳಗೆ ಹೊಳೆದು ರಸ್ತೆ ಮಾಯವಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯುವ ಉಪಾಯವನ್ನೂ ಕೇಳಬೇಡಿ, ಅದು ಗಟ್ಟಿ ಲೇಪವನ್ನೇ ಕೆರೆದು ಹಾಕುತ್ತದೆ.

ಎಲ್‌ಸಿಡಿ ವೈಸರ್‌ನ ತೊಂದರೆಗಳು

ಇಲ್ಲಿ ರಾಸಾಯನಿಕಕ್ಕಿಂತ ಕರೆಂಟಿನ ಕಡೆ ನೋಡಬೇಕು. ಕಪ್ಪಾಗುತ್ತಲೇ ಇಲ್ಲ ಎಂದರೆ ಮೊದಲು ಚಾರ್ಜ್ ಅಥವಾ ಬಟನ್ ಸೆಲ್, ಆಮೇಲೆ ಸಂಪರ್ಕದ ಲೋಹದ ಬಿಂದುಗಳು. ಬೆವರು, ಮಳೆನೀರು ಕೂತು ಅಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಪೆನ್ಸಿಲ್ ರಬ್ಬರ್‌ನಿಂದ ಮೃದುವಾಗಿ ಉಜ್ಜಿದರೆ ಹೋಗುತ್ತದೆ. ಸೋಲಾರ್ ಪಟ್ಟಿ ಅಥವಾ ಸೆನ್ಸರ್ ಮೇಲೆ ಸ್ಟಿಕ್ಕರ್, ದೂಳು, ಪೀಕ್‌ನ ನೆರಳು ಇದೆಯೇ ನೋಡಿ. ಪರೀಕ್ಷೆ ಹೀಗೆ: ಬಿಸಿಲಿನಲ್ಲಿ ಸೆನ್ಸರ್ ಮೇಲೆ ಹೆಬ್ಬೆರಳು ಇಟ್ಟರೆ ಥಟ್ಟನೆ ತಿಳಿಯಾಗಬೇಕು, ತೆಗೆದರೆ ಥಟ್ಟನೆ ಕಪ್ಪಾಗಬೇಕು. ಸೆನ್ಸರ್ ಯುವಿಯನ್ನಲ್ಲದೆ ಕಾಣುವ ಬೆಳಕನ್ನು ಓದುವಂಥದ್ದಾದರೆ ಮನೆಯೊಳಗೆ ಮೊಬೈಲ್ ಟಾರ್ಚ್ ಸಾಕು.

ಸಾಲುಮರದ ರಸ್ತೆಯಲ್ಲಿ ಬಿಸಿಲು ನೆರಳು ಬಿಸಿಲು ನೆರಳು ಎಂದು ಬೀಳುವಾಗ ಸೆನ್ಸರ್ ಬಗೆಯದು ಪಟಪಟನೆ ಮಿಟುಕುವುದುಂಟು. ಅದು ಹೇಳಿದಂತೆ ಕೇಳುತ್ತಿದೆ ಅಷ್ಟೆ, ಆದರೂ ಕಣ್ಣಿಗೆ ದಣಿವು. ಕೈಯಿಂದ ನಿಯಂತ್ರಿಸುವ ಆಯ್ಕೆ ಇದ್ದರೆ ಅಲ್ಲಿ ಅದನ್ನೇ ಬಳಸಿ.

ಮಚ್ಚೆ ಮಚ್ಚೆಯಾಗಿ ಕಪ್ಪಾಗುವುದು, ಅಂಚಿನಲ್ಲಿ ಗುಳ್ಳೆ, ಒಳಗೆ ಎಣ್ಣೆ ಹರಡಿದಂಥ ಕಲೆ ಕಂಡರೆ ಪದರಗಳು ಬಿಟ್ಟಿವೆ ಅಥವಾ ಶಾಖಕ್ಕೆ, ಒತ್ತಡಕ್ಕೆ ಹಾಳಾಗಿವೆ. ಬಿಸಿಲಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಬೋರಲು ಹಾಕಿದ ಹೆಲ್ಮೆಟ್‌ನಲ್ಲಿ ಇದು ಬೇಗ ಬರುತ್ತದೆ. ಸರಿಪಡಿಸಲು ಆಗುವುದಿಲ್ಲ. ಎಲ್‌ಸಿಡಿ ಪದರವನ್ನು ನೀರಿನಲ್ಲಿ ಅದ್ದಿ ತೊಳೆಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಳೆಯಲ್ಲಿ ನೆನೆದರೆ ಬಿಚ್ಚಿ ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗುವವರೆಗೆ ಚಾರ್ಜ್‌ಗೆ ಹಾಕಬೇಡಿ.

ಒಂದು ವಿಷಯದಲ್ಲಿ ರಾಜಿ ಬೇಡ. ಒಳ್ಳೆಯ ವಿನ್ಯಾಸದಲ್ಲಿ ಕರೆಂಟ್ ಹೋದರೆ ವೈಸರ್ ತಿಳಿಯ ಸ್ಥಿತಿಗೆ ಬರುತ್ತದೆ. ಬ್ಯಾಟರಿ ತೆಗೆದು ನೋಡಿ. ತೆಗೆದ ಮೇಲೂ ಕಪ್ಪಾಗಿಯೇ ನಿಂತರೆ, ಅದು ಕೆಟ್ಟಿರಲಿ, ವಿನ್ಯಾಸವೇ ಹಾಗಿರಲಿ, ರಾತ್ರಿ ರಸ್ತೆಗೆ ತರಬೇಡಿ.

ಕಾಮನಬಿಲ್ಲು ಕಾಣುತ್ತಿದೆ, ಮೀಟರ್ ಕಪ್ಪಾಗಿದೆ ಎನ್ನುವವರು ವೈಸರ್ ಬಿಟ್ಟು ತಮ್ಮ ಕೂಲಿಂಗ್ ಗ್ಲಾಸ್ ತೆಗೆದು ನೋಡಲಿ. ಪೋಲರೈಸ್ಡ್ ಕನ್ನಡಕ ಹಾಕಿದರೆ ಬಾಗಿಸಿ ಮಾಡಿದ ಪ್ಲಾಸ್ಟಿಕ್‌ನಲ್ಲಿನ ಒತ್ತಡದ ಗೆರೆಗಳು ಬಣ್ಣಬಣ್ಣವಾಗಿ ಕಾಣುತ್ತವೆ, ಬೈಕಿನ ಡಿಜಿಟಲ್ ಮೀಟರೂ ಮಂಕಾಗುತ್ತದೆ.

ಬದಲಿಸುವ ಮೊದಲು ಮುಸ್ಸಂಜೆಯ ಪರೀಕ್ಷೆ

ಎಲ್ಲ ಪರೀಕ್ಷೆ ಮುಗಿದ ಮೇಲೂ ಇಟ್ಟುಕೊಳ್ಳುವುದೋ ಬಿಸಾಕುವುದೋ ಎಂಬ ಗೊಂದಲ ಉಳಿದರೆ ಮುಸ್ಸಂಜೆಯಲ್ಲಿ, ಬೀದಿದೀಪ ಹತ್ತುವ ಹೊತ್ತಿಗೆ, ಗಾಡಿ ನಿಲ್ಲಿಸಿ ಪರೀಕ್ಷಿಸಿ. ನಿಂತಿರುವ ಒಂದು ಗಾಡಿಯ ನಂಬರ್ ಪ್ಲೇಟನ್ನು ವೈಸರ್ ಎತ್ತಿ ಎಷ್ಟು ದೂರದಿಂದ ಓದಬಲ್ಲಿರಿ ನೋಡಿ, ಅಲ್ಲೇ ನಿಂತು ವೈಸರ್ ಇಳಿಸಿ ಮತ್ತೆ ಓದಿ. ಓದಲು ಮುಂದೆ ಹೆಜ್ಜೆ ಹಾಕಬೇಕಾಗಿ ಬಂದರೆ ಆ ವೈಸರ್ ಕತ್ತಲಿಗೆ ಲಾಯಕ್ಕಲ್ಲ. ಆಮೇಲೆ ಸ್ನೇಹಿತರೊಬ್ಬರಿಗೆ ಹೇಳಿ ಓರೆಯಿಂದ ಮೊಬೈಲ್ ಟಾರ್ಚ್ ಬಿಡಿಸಿ. ವೈಸರ್ ತುಂಬ ಬಿಳಿ ಮಬ್ಬು ಹರಡಿದರೆ ಬಣ್ಣ ಎಷ್ಟೇ ಚೆನ್ನಾಗಿ ಬದಲಾಗುತ್ತಿದ್ದರೂ ಅದರ ಕಾಲ ಮುಗಿಯಿತು.

ಹೊಸದು ತರುವಾಗ ಹೆಲ್ಮೆಟ್‌ನ ಮಾಡೆಲ್ ಹೆಸರನ್ನು ಒಳಗಿನ ಲೇಬಲ್ ನೋಡಿ ಬರೆದುಕೊಂಡು ಹೋಗಿ, ಕಣ್ಣಂದಾಜಿನ ವೈಸರ್ ಕೊಕ್ಕೆಗೆ ಸರಿಯಾಗಿ ಕೂರುವುದಿಲ್ಲ. ಹೆಲ್ಮೆಟ್ಟೇ ಹೊಸದಾದರೆ 2021ರ ಜೂನ್ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದಿಲ್ಲದ್ದನ್ನು ಮುಟ್ಟಬೇಡಿ. ಹೊರದೇಶದ ವೈಸರ್ ಆದರೆ ಅಂಚಿನಲ್ಲಿ ಅಚ್ಚು ಒತ್ತಿದ ಸಣ್ಣ ಅಕ್ಷರಗಳನ್ನು ಓದಿ. ಯುರೋಪಿನ ನಿಯಮದಲ್ಲಿ 80 ಶೇಕಡಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ಮೇಲೆ ಹಗಲು ಬಳಕೆಗೆ ಮಾತ್ರ ಎಂಬ ಗುರುತು ಇರಬೇಕು. ಆ ಗುರುತು ಕಂಡರೆ ಅಂಗಡಿಯವರು ಏನೇ ಹೇಳಲಿ, ಸಂಜೆ ಆರರ ಮೇಲೆ ಬೇರೆ ವೈಸರ್ ಬೇಕೇ ಬೇಕು. ಕೂರಿಸಿದ ಮೇಲೆ ಎರಡೂ ಕಡೆಯ ಕೊಕ್ಕೆ ಟಕ್ ಎಂದದ್ದನ್ನು ಕೇಳಿ, ಹತ್ತು ಸಲ ಎತ್ತಿ ಇಳಿಸಿ, ಯಾವ ಹಲ್ಲಿನಲ್ಲೂ ತಾನಾಗಿ ಜಾರುತ್ತಿಲ್ಲವೆಂದು ಖಾತರಿ ಮಾಡಿಕೊಂಡೇ ಅಂಗಡಿಯಿಂದ ಹೊರಡಿ.